ಗೆರೆಯ ಮೇಲೆ ಐದು ಬೆರಳು ನೆರಳು

ಬೆನ್ನಿಗೆ ಚೀಲ ಏರಿಸಿಕೊಂಡು ದೇಶ ತಿರುಗುವವರ ಚೀಲದಲ್ಲಿ ಬಟ್ಟೆ ಇರುತ್ತದೆ, ಪುಸ್ತಕ ಇರುತ್ತದೆ. ನನ್ನದರಲ್ಲಿ ಕಬ್ಬಿಣವಿತ್ತು. ಹಿಟ್ಟಿನ ಗಿರಣಿಯ ಜರಡಿಗಳು, ಕಾಳು ಕುಟ್ಟುವ ಉಕ್ಕಿನ ಪಟ್ಟಿಗಳು, ಎರಡು ಬೇರಿಂಗು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಶೆಡ್ ಇತ್ತು. ಬೇರೆಯವರ ಗಿರಣಿಯಲ್ಲಿ ಮೈಗೆ ಹಿಟ್ಟು ಮೆತ್ತಿಕೊಂಡು ಬೆಳೆದವನು ನಾನು. ಗಿರಣಿಯ ಯಾವ ಭಾಗ ಮೊದಲು ಸವೆಯುತ್ತದೆ ಎನ್ನುವುದು ಗೊತ್ತಿದ್ದದ್ದೇ ನನ್ನ ಬಂಡವಾಳ. ಉಗಾಂಡಾದಲ್ಲಿ ಮನೆಮನೆಗೆ ಮೆಕ್ಕೆಜೋಳದ ಹಿಟ್ಟು ಬೇಕು, ಗಿರಣಿಗಳು ನಮ್ಮಂಥವೇ ಎಂದು ಯಾರೋ ಹೇಳಿದ್ದರು. ಅಷ್ಟು ಕೇಳಿ ಹೊರಟುಬಿಟ್ಟೆ. ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು.

ಭಾರ ಹೊತ್ತು ತಿರುಗುವವರಿಗೆ ಒಂದು ಮಾತು ಹೇಳುತ್ತೇನೆ. ತೂಕದ ವಸ್ತುವನ್ನು ಚೀಲದ ತಳಕ್ಕೆ ಹಾಕಬೇಡಿ. ಬೆನ್ನಿಗೆ ಒತ್ತಿಕೊಂಡು ಮೇಲಿನ ಅರ್ಧದಲ್ಲಿ ಇಡಿ. ಇದನ್ನು ನಾನು ಕಲಿತದ್ದು ಹತ್ತನೆಯ ದಿನ. ಅಷ್ಟರಲ್ಲಿ ಸೊಂಟ ಹೋಗಿತ್ತು.

ಜೊತೆಗೆ ಕಾಕಾ ಇದ್ದರು. ನಮ್ಮಪ್ಪನ ಕೊನೆಯ ತಮ್ಮ. ಉಪ್ಪಿನಬೆಟಗೇರಿಯ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರು. ಅವರು ಬಂದದ್ದು ಹೀಗೆ. ಹೊರಡುವ ಮೂರು ತಿಂಗಳ ಮುಂಚೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ.

“ನೀ ಆಫ್ರಿಕಾಕ್ಕ ಹೊಂಟಿಯಂತಲ್ಲ, ಯಾವ ದೇಶ?” ಎಂದರು ಕಾಕಾ.

“ಉಗಾಂಡಾರಿ.”

ಕಾಕಾ ಉಣ್ಣುವ ಕೈ ನಿಲ್ಲಿಸಿದರು. “ಅದರ ಮ್ಯಾಲ ಸಮಭಾಜಕ ವೃತ್ತ ಹಾದು ಹೊಕ್ಕೈತಿ.”

“ಹೋಗಲಿ ಬಿಡ್ರಿ. ನನ್ನ ಮಾಲು ಹೋದ್ರ ಸಾಕು.”

“ಮಾರ್ಚ್ ತಿಂಗಳಾಗ ಹೋಗೋದಾದ್ರ ನಾನೂ ಬರ್ತೇನಿ. ಟಿಕೀಟು ನಂದ ನಾ ತಗೋತೇನಿ.”

ರೊಟ್ಟಿ ಬಡಿಸುತ್ತಿದ್ದ ಅವರ ಹೆಂಡತಿ, ನಮ್ಮ ಕಾಕು, ನನ್ನ ಕಡೆ ನೋಡಿದಳು. “ಧಾರವಾಡಕ್ಕ ಹೋಗಿ ಕಿರಾಣಿ ತರ್ರಿ ಅಂದ್ರ ಮೊಣಕಾಲ ನೋವು. ಆಫ್ರಿಕಾಕ್ಕ ಹೋಗಾಕ ಮೊಣಕಾಲ ಛಲೋ ಆತು ನೋಡು.”

ಕಾಕಾ ನನ್ನ ಕಡೆ ತಿರುಗಿದರು. ನನಗೆ ಬಿಡಿಸಿ ಹೇಳಿದರು. ವರ್ಷದಲ್ಲಿ ಎರಡು ಸಲ, ಮಾರ್ಚ್ ಇಪ್ಪತ್ತೊಂದರ ಸುಮಾರಿಗೆ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ, ಹಗಲು ರಾತ್ರಿ ಸಮನಾಗುತ್ತವೆ. ಆ ದಿನ ಸೂರ್ಯ ಸಮಭಾಜಕ ವೃತ್ತದ ನೆತ್ತಿಯ ಮೇಲೆಯೇ ಹಾಯುತ್ತಾನೆ. ಗೆರೆಯ ಮೇಲೆ ನಿಂತ ಮನುಷ್ಯನ ನೆರಳು ಮಧ್ಯಾಹ್ನ ಕಾಲಡಿ ಸೇರಿ ಇಲ್ಲವಾಗುತ್ತದೆ. ಮೂವತ್ತು ವರ್ಷ ಕರಿಹಲಗೆಯ ಮೇಲೆ ಗುಂಡಗೆ ಭೂಮಿ ಬರೆದು, ನಡುವೆ ಗೆರೆ ಎಳೆದು, ಅದನ್ನು ಹೇಳಿದ್ದರು. ಒಮ್ಮೆ ಹೋಗಿ ನಿಂತು ನೋಡಬೇಕಾಗಿತ್ತು, ಅಷ್ಟೇ.

“ನಮ್ಮೂರಾಗನೂ ಬ್ಯಾಸಗ್ಯಾಗ ಒಂದಿನ ನೆರಳು ಮಾಯ ಆಕೈತಿ ಅಂತ ನೀವ ಹೇಳ್ತೀರಲ್ಲ. ಅಷ್ಟ ದೂರ ಯಾಕ?” ಎಂದೆ.

“ನಮ್ಮೂರಿಗೆ ಸೂರ್ಯ ಬೀಗರ ಮನಿಗೆ ಬಂದಂಗ ಬಂದು ಹೊಕ್ಕಾನ. ಅದು ಅವನ ಮನಿ.”

ನನ್ನ ವ್ಯಾಪಾರಕ್ಕೆ ಯಾವ ತಿಂಗಳಾದರೂ ನಡೆಯುತ್ತಿತ್ತು. ಮಾರ್ಚ್ ಎಂದೇ ಗಟ್ಟಿ ಮಾಡಿದೆವು. ಕಾಕಾ ಒಣಗಿಸಿದ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಒಂದು ಕಪ್ಪು ಛತ್ರಿ ತಗೊಂಡು ಬಂದರು. ಅವರ ಚೀಲ ಇಷ್ಟೇ.

ಹದಿನಾಲ್ಕು ದಿನ ನಾವು ಪಟ್ಟ ಪಾಡು ಬರೆಯುವುದಕ್ಕೂ ಈಗ ಬೇಸರ. ಕಿಕ್ಕಿರಿದ ವ್ಯಾನಿನಲ್ಲಿ ಮೊಣಕಾಲ ಮೇಲೆ ಕಬ್ಬಿಣ ಇಟ್ಟುಕೊಂಡು ಊರಿಂದೂರಿಗೆ ಹೋಗುವುದು. ಗಿರಣಿ ಅಂಗಡಿಯ ಮುಂದೆ ಚೀಲ ಬಿಚ್ಚುವುದು. ಅವನು ಜರಡಿಯನ್ನು ಬೆಳಕಿಗೆ ಹಿಡಿದು ನೋಡಿ, ಚೀನಾದ್ದು ಇದಕ್ಕಿಂತ ಅಗ್ಗ ಎನ್ನುವುದು. ಮತ್ತೆ ಕಟ್ಟುವುದು. ಕಾಕಾ ಅಂಗಡಿಯ ಮೆಟ್ಟಿಲ ಮೇಲೆ ಛತ್ರಿ ಬಿಚ್ಚಿ ಕುಳಿತಿರುತ್ತಿದ್ದರು. ಅವರ ಮೊಣಕಾಲು ಊದಿತು. ಎರಡನೆಯ ವಾರ ನನಗೆ ಹೊಟ್ಟೆ ಕೆಟ್ಟಿತು. ಆ ದೇಶದಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಚಪಾತಿ ಎಲ್ಲ ಕಡೆ ಸಿಗುತ್ತದೆ, ಬೀದಿಯಲ್ಲೇ ಬೇಯಿಸುತ್ತಾರೆ, ಹೆಸರೂ ಚಪಾತಿಯೇ. ಆದರೆ ಕೋಳಿ ತತ್ತಿ ಹಾಕಬೇಡ ಎಂದು ಹಿಟ್ಟು ನಾದುವಾಗಲೇ ಹೇಳಬೇಕು, ಹಂಚಿಗೆ ಬಿದ್ದಮೇಲೆ ಹೇಳಿ ಉಪಯೋಗವಿಲ್ಲ. ಕಾಕಾ ಒಂದು ಸಲವೂ ಗೊಣಗಲಿಲ್ಲ. “ಇಪ್ಪತ್ತೊಂದಕ್ಕ ಹೋಗೋದು ಐತಲ್ಲ?” ಎಂದಷ್ಟೇ ದಿನ ಬಿಟ್ಟು ದಿನ ಕೇಳುತ್ತಿದ್ದರು. ಐತಿ ಎನ್ನುತ್ತಿದ್ದೆ. ಇಪ್ಪತ್ತೆರಡರ ನಸುಕಿನಲ್ಲಿ ಹಿಂದಿರುಗುವ ವಿಮಾನವಿತ್ತು, ಆ ಒಂದು ದಿನ ತಪ್ಪಿದರೆ ತಪ್ಪಿತು.

ರಾಜಧಾನಿ ಕಂಪಾಲಾದಿಂದ ಗೆರೆ ಇರುವ ಜಾಗಕ್ಕೆ ಸುಮಾರು ಎರಡು ತಾಸಿನ ದಾರಿ. ಕಾಕಾರ ಕಾಲು ನೋಡಿ ವ್ಯಾನು ಬೇಡ, ಬಾಡಿಗೆ ಕಾರು ಮಾಡೋಣ ಎಂದು ಹಿಂದಿನ ಸಂಜೆ ಲಾಡ್ಜಿನ ಮುಂದೆ ಒಬ್ಬ ಚಾಲಕನನ್ನು ಹಿಡಿದೆ. ಎತ್ತರದ, ಮಾತು ಕಡಿಮೆಯ ಮನುಷ್ಯ. ಅವನು ಒಂದು ಬೆಲೆ ಹೇಳಿದ. ನಾನು ನಕ್ಕೆ. ಅವನೂ ನಕ್ಕ. ಹರಕು ಇಂಗ್ಲಿಷಿನಲ್ಲಿ ಮುಕ್ಕಾಲು ತಾಸು ಎಳೆದಾಡಿದೆವು. ಅವನಿಗೆ ಮರುದಿನ ಎರಡೂವರೆಗೆ ಊರಲ್ಲಿ ಬೇರೊಬ್ಬ ಗಿರಾಕಿ ಇದ್ದಾನೆ ಎನ್ನುವುದು ಮಾತಿನ ನಡುವೆ ಗೊತ್ತಾಯಿತು. ಇಂಥದು ಗೊತ್ತಾದರೆ ಬಿಡಬಾರದು. “ಹನ್ನೆರಡೂವರೆಗೆ ಅಲ್ಲಿಂದ ಬಿಡೋಣ, ನಿನ್ನ ಗಿರಾಕಿಯೂ ಉಳಿಯುತ್ತಾನೆ, ನನಗೆ ಅರ್ಧ ಬೆಲೆಗೆ ಬಾ” ಎಂದೆ. ಒಪ್ಪಿದ. ಮಧ್ಯಾಹ್ನವೆಂದರೆ ಹನ್ನೆರಡು, ಅರ್ಧ ಗಂಟೆ ಹೆಚ್ಚಿಗೇ ಇದೆ ಎನ್ನುವುದು ನನ್ನ ಲೆಕ್ಕ.

ಮೇಲೆ ಬಂದು ಕಾಕಾಗೆ ಹೆಮ್ಮೆಯಿಂದ ಹೇಳಿದೆ. ಅವರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ಹನ್ನೆರಡೂವರಿಗೆ ಬಿಡೂದಾ? ನಮ್ಮ ಸಾಲ್ಯಾಗ ಅಂಗಳದಾಗ ಕೋಲು ನಿಲ್ಲಿಸಿದ್ರ ಹನ್ನೆರಡೂವರಿ ದಾಟಿಂದ ನೆರಳು ಸಣ್ಣದಾಕ್ಕಿತ್ತು. ಗಡಿಯಾರದ ಹನ್ನೆರಡು ಬ್ಯಾರೆ, ಸೂರ್ಯಾಂದು ಬ್ಯಾರೆ. ಇಲ್ಲಿ ಹ್ಯಾಂಗೈತೋ.”

“ಅರ್ಧ ತಾಸು ಹೆಚ್ಚುಕಡಿಮಿ ಏನಾಕೈತ್ರಿ, ಮಲಕೋರಿ,” ಎಂದು ಗೋಡೆಯ ಕಡೆ ಹೊರಳಿದೆ. ಆಗ ನನಗೆ ಬೇಕಾದದ್ದು ನಿದ್ದೆ ಒಂದೇ.

ಮರುದಿನ ಹನ್ನೊಂದೂವರೆಗೆಲ್ಲ ಮುಟ್ಟಿದೆವು. ಜಾಗ ನೋಡಿ ನನಗೆ ನಗು ಬರುವುದರಲ್ಲಿತ್ತು. ಹೆದ್ದಾರಿಯ ಎರಡೂ ಬದಿಗೆ ಆಳೆತ್ತರದ ಸಿಮೆಂಟಿನ ಬಿಳಿ ಬಳೆಗಳು, ಅವುಗಳ ನಡುವೆ ರಸ್ತೆಗೆ ಅಡ್ಡ ಬಳಿದ ಒಂದು ಗೆರೆ. ಸುತ್ತ ಡೋಲು, ಬುಟ್ಟಿ ಮಾರುವ ಅಂಗಡಿಗಳು. ಒಬ್ಬ ತಳದಲ್ಲಿ ತೂತಿದ್ದ ಬೋಗುಣಿಗಳನ್ನು ಇಟ್ಟುಕೊಂಡು ನೀರು ಸುರಿದು, ಗೆರೆಯ ಆ ಕಡೆ ನೀರು ಎಡಕ್ಕೆ ಸುತ್ತುತ್ತದೆ, ಈ ಕಡೆ ಬಲಕ್ಕೆ, ಗೆರೆಯ ಮೇಲೆ ನೇರ ಇಳಿಯುತ್ತದೆ ಎಂದು ತೋರಿಸುತ್ತಿದ್ದ. ನೀರು ಹಾಕುವಾಗ ಕೈ ಯಾವ ಕಡೆ ಓರೆ ಮಾಡುತ್ತಾನೆಂದು ನಾನು ಕಂಡುಹಿಡಿದೆ. ಕಾಕಾಗೆ ಹೇಳಿದೆ.

“ಗೊತ್ತೈತಿ. ಹೊಟ್ಟಿಪಾಡು, ಸುಮ್ನಿರು,” ಎಂದು ಅವನಿಗೆ ಒಂದಿಷ್ಟು ಕೊಟ್ಟು ಮುಂದೆ ಹೋದರು. ಅವರಿಗೆ ಬೇಕಾದದ್ದು ನೀರಲ್ಲ.

ರಸ್ತೆಯ ಅಂಚಿನಲ್ಲಿ ಗೆರೆ ಮುಗಿಯುವ ಕಡೆ ಸಿಮೆಂಟಿನ ನೆಲವಿತ್ತು. ಅಲ್ಲಿ ಕುಕ್ಕರಗಾಲಲ್ಲಿ ಕುಳಿತು ಛತ್ರಿಯನ್ನು ಮಡಿಚಿ, ಮೊನೆ ಕೆಳಗೆ ಮಾಡಿ ಗೆರೆಯ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದರು. ಅಂಗಿಯ ಕಿಸೆಯಿಂದ ಸೀಮೆಸುಣ್ಣ ತೆಗೆದರು. ನಿವೃತ್ತರಾಗಿ ನಾಲ್ಕು ವರ್ಷವಾದಮೇಲೂ ಆ ಕಿಸೆಯಲ್ಲಿ ಸೀಮೆಸುಣ್ಣ ಇರುತ್ತಿತ್ತು. ಸರಿಯಾಗಿ ಹನ್ನೆರಡಕ್ಕೆ ನೆರಳಿನ ತುದಿಗೆ ಗುರುತು ಹಾಕಿದರು. ಒಂದು ಗೇಣು ಇತ್ತು.

“ಇಲ್ಲ ಆಗಲಿಲ್ಲಲ್ಲರಿ,” ಎಂದೆ.

“ತಡಿ. ನೆರಳು ಗೆರಿ ಬಿಟ್ಟು ಆಚೀಚಿ ಸರಿಯಾಕತ್ತಿಲ್ಲ, ನೋಡಿದೇನು?”

ನೋಡಿದೆ. ನೆರಳು ಗೆರೆಯ ಉದ್ದಕ್ಕೇ ಮಲಗಿತ್ತು. ಹತ್ತು ನಿಮಿಷ ಬಿಟ್ಟು ಇನ್ನೊಂದು ಗುರುತು. ನೆರಳು ಗಿಡ್ಡವಾಗಿತ್ತು, ಆದರೆ ಗೆರೆಯ ಮೇಲೆಯೇ. ಇಪ್ಪತ್ತಕ್ಕೆ ಮತ್ತೊಂದು. ಡೋಲಿನಂಗಡಿಯವಳು ಬಂದು ನಿಂತಳು. ನೀರಿನವನು ತನ್ನ ಬೋಗುಣಿ ಬಿಟ್ಟು ಬಂದ. ಕಾಕಾ ಗುರುತುಗಳ ನಡುವಿನ ಜಾಗವನ್ನು ಬೆರಳಲ್ಲಿ ಅಳೆದು, ಮುಖ ಎತ್ತಿದರು. ಬೆವರಿಳಿದ ಆ ಮುಖದಲ್ಲಿ ಹದಿನಾಲ್ಕು ದಿನದಲ್ಲಿ ನಾನು ಕಾಣದ ಕಳೆಯಿತ್ತು.

“ಒಂದಕ್ಕ ಆಕೈತಿ. ಇಲ್ಲಿ ನಡುಹಗಲು ಒಂದಕ್ಕ. ಇನ್ನ ಅರ್ಧ ತಾಸು.”

ಅಷ್ಟರಲ್ಲಿ ಚಾಲಕ ಹಾರ್ನ್ ಹೊಡೆದ. ಹನ್ನೆರಡೂವರೆ. ನೆರಳು ಐದಾರು ಬೆರಳು ಉಳಿದಿತ್ತು.

ನಾನು ಕಾರಿನ ಹತ್ತಿರ ಹೋಗಿ ಅರ್ಧ ಗಂಟೆ ಹೆಚ್ಚಿಗೆ ನಿಲ್ಲು ಎಂದೆ. ಅವನು ಕಿಟಕಿಯಿಂದ ಕೈ ಹೊರಗೆ ಇಳಿಬಿಟ್ಟು, “ಬಾಸ್, ನನ್ನ ಗಿರಾಕಿ ಹೋಗುತ್ತಾನೆ. ಅರ್ಧ ಗಂಟೆಗೆ ಇನ್ನೊಂದು ಬಾಡಿಗೆ” ಎಂದ. ನಿನ್ನೆ ನಾನು ಹಿಂಡಿದ್ದನ್ನು ಇವತ್ತು ಅವನು ಹಿಂಡುತ್ತಿದ್ದ. ಅವನದು ತಪ್ಪಲ್ಲ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಮತ್ತು ಇದನ್ನು ಸ್ಪಷ್ಟ ಬರೆದುಬಿಡುತ್ತೇನೆ: ನಾನು ಕೊಡುವವನಿದ್ದೆ. ಇನ್ನೊಂದು ಬಾಡಿಗೆಯನ್ನೂ ಕೊಡುತ್ತಿದ್ದೆ. ಆದರೆ ಕೇಳಿದ ಕೂಡಲೇ ಹೂಂ ಅನ್ನುವುದು ನನ್ನ ಬಾಯಿಗೆ ಬರುವುದಿಲ್ಲ.

ಹುಬ್ಬಳ್ಳಿಯ ಪೇಟೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಸೀರೆ ಮನಸ್ಸಿಗೆ ಬಂದರೆ ಮೊದಲು ಅದನ್ನು ಅಂಗಡಿಯವನ ಮುಂದೆ ಹೀಗಳೆಯಬೇಕು. ಬಣ್ಣ ಹೋಗುವ ಮಾಲು, ಸೆರಗು ಸಣ್ಣದು, ನಡೀರಿ ಬೇರೆ ಅಂಗಡಿಗೆ ಹೋಗೋಣ. ಜೊತೆಗೆ ಬಂದವರೆಲ್ಲ ಮುಖ ಗಂಟಿಕ್ಕಿಕೊಂಡು ಏಳಬೇಕು. ನಾಲ್ಕು ಹೆಜ್ಜೆ ಹೋಗುವುದರೊಳಗೆ ಅಂಗಡಿಯವನು ಕರೆಯುತ್ತಾನೆ. ಕರೆಯದಿದ್ದರೆ ಐದನೆಯ ಹೆಜ್ಜೆಗೆ ಚಪ್ಪಲಿ ಸರಿಮಾಡಿಕೊಳ್ಳಬೇಕು. ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಗೂ ಇದು ಗೊತ್ತು. ಗೊತ್ತಿಲ್ಲದಿದ್ದವರು ಕಾಕಾ ಒಬ್ಬರೇ. ಅಂಗಡಿಯವನು ಹೇಳಿದ್ದನ್ನು ಕೊಟ್ಟು ಬರುವ ಮನುಷ್ಯ. ಕಾಕು ಅವರನ್ನು ಬಟ್ಟೆ ಅಂಗಡಿಗೆ ಕರೆದೊಯ್ಯುವುದನ್ನು ಎಂದೋ ಬಿಟ್ಟಿದ್ದಳು.

ನಾನು ಚಾಲಕನಿಗೆ ಬೆನ್ನು ತಿರುಗಿಸಿ, ಅವನಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ. “ಏಳ್ರಿ ಕಾಕಾ, ಸಾಕು. ಏನೈತ್ರಿ ಇದರಾಗ? ಯಾರೋ ಬಳದ ಬಣ್ಣದ ಗೆರಿ. ಮೂವತ್ತು ವರ್ಷ ಇದನ್ನ ಹೇಳ್ಕೋತ ಪಗಾರ ತಗೊಂಡ್ರಿ, ಮುಗೀತು. ಇದಕ್ಕ ಒಂದ ಪೈಸಾ ಕೊಡಾಂಗಿಲ್ಲ ನಾ.”

ಹೇಳಿ ನಾಲ್ಕು ಹೆಜ್ಜೆ ನಡೆದೆ, ಡೋಲಿನಂಗಡಿಯ ಕಡೆಗೆ. ಆ ಚಾಲಕನಿಗೆ ಕನ್ನಡ ಎಲ್ಲಿಂದ ಬರಬೇಕು. ಅಲ್ಲಿ ನೆರೆದವರಲ್ಲಿ ನನ್ನ ಮಾತು ತಿಳಿಯುವವರು ಒಬ್ಬರೇ ಇದ್ದರು. ಅದು ನನ್ನ ತಲೆಗೆ ಹೊಳೆಯಲಿಲ್ಲ.

ಚಾಲಕನಿಗೆ ಮಾತು ತಿಳಿಯದಿದ್ದರೂ ಬೆನ್ನು ತಿಳಿಯಿತು. “ಬಾಸ್,” ಎಂದು ಕರೆದ. ಅರ್ಧಕ್ಕೆ ಇಳಿದ. ಒಂದೂ ಕಾಲರ ತನಕ ನಿಲ್ಲುತ್ತೇನೆ ಎಂದ. ಗೆದ್ದೆ ಎಂದು ತಿರುಗಿ ನೋಡಿದರೆ ಗೆರೆಯ ಮೇಲೆ ಯಾರೂ ಇರಲಿಲ್ಲ. ಮೂರು ಸುಣ್ಣದ ಗುರುತು ಇದ್ದವು. ಕಾಕಾ ಆ ಕಡೆಯ ಬಾಗಿಲಿನಿಂದ ಕಾರು ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಛತ್ರಿ ಮೊಣಕಾಲ ನಡುವೆ ಇತ್ತು.

“ಕಾಕಾ, ಇಳೀರಿ. ಒಪ್ಪಿಕೊಂಡಾನ.”

“ಬ್ಯಾಡಪಾ. ನಡಿ.”

“ನಾ ಅಂದದ್ದು ಅವನಿಗೆ ಅಂದದ್ದುರಿ. ಹಂಗ ಅನ್ನಬೇಕಾಕೈತಿ, ಅಂದಾಗ ಇಳೀತಾರ.”

“ಅವನಿಗೆ ಅಂದ್ರ ಅವನ ಭಾಷಾದಾಗ ಅನ್ನಬೇಕಿತ್ತು.” ಸಿಟ್ಟಿನ ದನಿಯಲ್ಲ. ಮಗ್ಗಿ ತಪ್ಪಿದ ಹುಡುಗನಿಗೆ ತಿದ್ದಿ ಹೇಳುವ ದನಿ. “ನೀ ಹೇಳಿದ್ದು ಖರೇ ಐತಿ. ಪಗಾರ ತಗೊಂಡೇನಿ. ಮುಗೀತು.”

ಕೈ ಹಿಡಿದು ಎಳೆದೆ. ಮೊಣಕಾಲು ನೋಯುತ್ತದೆ ಎಂದರು. ಹದಿನಾಲ್ಕು ದಿನದಲ್ಲಿ ಆ ಮಾತನ್ನು ಅವರು ಆಡಿದ್ದು ಆಗಲೇ ಮೊದಲು. ಡೋಲಿನಂಗಡಿಯವಳು ರಸ್ತೆಯಾಚೆಯಿಂದ ಕೈಸನ್ನೆ ಮಾಡಿ ಗುರುತು ತೋರಿಸಿ ಕರೆಯುತ್ತಿದ್ದಳು. ಚಾಲಕ ನನ್ನ ಮುಖ, ಕಾಕಾರ ಮುಖ ನೋಡಿದ. ಹೆಚ್ಚಿಗೆ ಏನೂ ಬೇಡ ಎನ್ನುವಂತೆ ಕೈ ಆಡಿಸಿ ಕಾರು ಚಾಲೂ ಮಾಡಿದ.

ವ್ಯಾಪಾರಕ್ಕೆ ಬರುವ ಹುಡುಗರಿಗೆ ನಾನು ಎಷ್ಟೋ ಉಪದೇಶ ಮಾಡಿದ್ದೇನೆ, ಅವುಗಳಲ್ಲಿ ಇದೊಂದು ಮಾತ್ರ ಕಾಸು ತೆತ್ತು ಕಲಿತದ್ದಲ್ಲ. ವಸ್ತು ಬೇಕಾದವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಚೌಕಾಶಿ ಮಾಡಬೇಡಿ. ಅವರನ್ನು ಚಹಾ ಕುಡಿಯಲು ಕಳಿಸಿ. ನೀವು ಹೀಗಳೆಯುವುದು ವಸ್ತುವನ್ನು ಎಂದು ನಿಮಗೆ ಗೊತ್ತಿರುತ್ತದೆ, ಅವರಿಗೆ ಗೊತ್ತಿರುವುದಿಲ್ಲ.

ಕಂಪಾಲಾದ ದಾರಿ ಹಿಡಿದೆವು. ಜವುಗು ನೆಲ, ಅದರ ತುಂಬ ಚಾಪೆ ಹೆಣೆಯುವ ಆಪು ಹುಲ್ಲು, ಮತ್ತೆ ಬಾಳೆ ತೋಟ. ಒಂದಕ್ಕೆ ನಾಲ್ಕೈದು ನಿಮಿಷ ಇದ್ದಾಗ ಚಾಲಕ ಇಂಜಿನ್ನಿಗೆ ನೀರು ಹಾಕಲು ಒಂದು ಸಣ್ಣ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದ. ನಾನು ಬೆನ್ನು ನೆಟ್ಟಗೆ ಮಾಡಲು ಇಳಿದೆ. ಬಯಲಿನಲ್ಲಿ ಬೆಲೆಯ ಹಲಗೆ ಹೊತ್ತ ಒಂದು ಕಬ್ಬಿಣದ ಕಂಬವಿತ್ತು. ಅದರ ಬುಡ ನೋಡಿದೆ. ಕಂಬಕ್ಕೆ ನೆರಳಿರಲಿಲ್ಲ. ನನ್ನ ಕಾಲ ಸುತ್ತ ನೋಡಿಕೊಂಡೆ. ನನಗೂ ಇರಲಿಲ್ಲ. ಒಂದು ಕೈ ಚಾಚಿದೆ, ಕೈಯ ನೆರಳು ಕೈಯ ಕೆಳಗೇ ನೇರ ಬಿದ್ದಿತ್ತು, ಮೈಯಿಂದ ಬೇರೆಯಾಗಿ. ಗೆರೆಯಿಂದ ಅಷ್ಟು ದೂರದಲ್ಲಿ ಕೂಡ ಹಾಗೆಯೇ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಾಕಾಗೆ ಗೊತ್ತಿರದೆ ಇರುತ್ತದೆಯೇ.

ಕಿಟಕಿಗೆ ಬಾಗಿ ಹೇಳಿದೆ. “ಕಾಕಾ, ನೆರಳಿಲ್ಲ ನೋಡ್ರಿ. ಇಲ್ಲಿಯೂ ಇಲ್ಲ. ಒಂದ ನಿಮಿಷ ಇಳದು ನೋಡ್ರಿ.”

ಅವರ ಕಣ್ಣು ಮುಚ್ಚಿದ್ದವು.

“ಹೂಂ,” ಎಂದರು. ತೆರೆಯಲಿಲ್ಲ.

ನಾನು ಅಲ್ಲೇ ನಿಂತೆ. ನಿಂತಂತೆ ಬೂಟಿನ ಪೂರ್ವದ ಕಡೆ ಒಂದು ದಾರದಷ್ಟು ಕಪ್ಪು ಹೊರಬಂತು. ಚಾಲಕ ಬಾನೆಟ್ ಮುಚ್ಚಿದ.

ಮುಂದೆ ಎರಡು ಸಲ ನಾನು ಆ ದೇಶಕ್ಕೆ ಹೋದೆ, ವ್ಯಾಪಾರ ಕುದುರಿತು. ಎರಡು ಸಲವೂ ಟಿಕೀಟು ನಾನೇ ತೆಗೆಸುತ್ತೇನೆ, ಸೆಪ್ಟೆಂಬರಿನಲ್ಲೇ ಹೋಗೋಣ ಬರ್ರಿ ಎಂದೆ. ಮೊಣಕಾಲು ಎಂದರು. ಕಾಕು ನನ್ನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಈ ಸಲ ಕೆಣಕಲಿಲ್ಲ. ಊರವರು ಕೇಳಿದರೆ ಕಾಕಾ, “ಹೋಗಿದ್ವಿ. ಗೆರಿ ಐತಿ,” ಎನ್ನುತ್ತಿದ್ದರು. ಸುಳ್ಳು ಹೇಳುವುದು ಬಾರದ ಮನುಷ್ಯ, ಅಷ್ಟಕ್ಕೇ ನಿಲ್ಲಿಸುತ್ತಿದ್ದರು.

ಒಂದು ವರ್ಷ ಅವರದೇ ಶಾಲೆಯ ಹೊಸ ಮಾಸ್ತರರು, ಏಳನೆಯ ಇಯತ್ತೆಯ ಮಕ್ಕಳಿಗೆ ಆ ಪ್ರವಾಸದ ಬಗ್ಗೆ ಹೇಳಿ ಎಂದು ಕರೆಸಿದರು. ಬೇಡವೆಂದರೂ ಬಿಡಲಿಲ್ಲ. ನಾನು ಗಾಡಿಯಲ್ಲಿ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಕಾಕಾ ಹಲಗೆಯ ಮೇಲೆ ಭೂಮಿ ಬರೆದರು, ಗೆರೆ ಎಳೆದರು. ಆಳುದ್ದ ಕೋಡಿನ ದನಗಳ ಬಗ್ಗೆ ಹೇಳಿದರು, ಮಕ್ಕಳು ನಕ್ಕವು. ಅಲ್ಲಿಯವರೂ ಚಪಾತಿ ತಿನ್ನುತ್ತಾರೆ ಎಂದಾಗ ಯಾರೂ ನಂಬಲಿಲ್ಲ. ಮಾರ್ಚ್ ಇಪ್ಪತ್ತೊಂದಕ್ಕೆ ಅಲ್ಲಿ ಏನಾಗುತ್ತದೆ ಎಂದೂ ಹೇಳಿದರು. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು.

“ಸರ್, ನೆರಳು ಖರೇನ ಇಲ್ಲ ಆಕೈತೇನ್ರಿ? ನೀವು ನೋಡಿದ್ರೇನ್ರಿ?”

ಕಾಕಾ ಬೆರಳಿಗೆ ಹತ್ತಿದ ಸುಣ್ಣ ಒರೆಸಿಕೊಂಡರು.

“ನಾ ನೋಡಲಿಲ್ಲವಾ. ನಮ್ಮ ಅಣ್ಣನ ಮಗ ನೋಡ್ಯಾನ. ಹಿಂದ ಕುಂತಾನಲ್ಲ, ಅವನ್ನ ಕೇಳ್ರಿ.”

ಇಡೀ ವರ್ಗ ನನ್ನ ಕಡೆ ತಿರುಗಿತು. ಯಾವ ಪೇಟೆಯಲ್ಲೂ ಮಾತಿಗೆ ತಡವರಿಸದ ನಾನು ಬೆಂಚು ಹಿಡಿದುಕೊಂಡು ಎದ್ದೆ.

“ಖರೇ ಐತಿ. ಕಾಲಬುಡಕ್ಕ ಏನೂ ಇರಲಿಲ್ಲ. ಕಂಬಕ್ಕೂ ಇರಲಿಲ್ಲ.”

“ಮತ್ತ ಸರ್ ಯಾಕ ನೋಡಲಿಲ್ಲರಿ?”

“ಇನ್ನ ಐದು ಬೆರಳು ಇತ್ತವಾ,” ಎಂದೆ. “ಅವರು ನೋಡ್ತೇನಿ ಅಂತ ಕುಂತಿದ್ರು. ನಾನ ಎಬ್ಬಿಸಿದೆ.”

ಹುಡುಗಿ ನನ್ನನ್ನೇ ನೋಡುತ್ತ ನಿಂತಿದ್ದಳು. ಅವಳಿಗೆ ಅದು ಸಾಕಾಗಲಿಲ್ಲ. ಕಾಕಾ ಆಗಲೇ ಹಲಗೆಯ ಕಡೆ ತಿರುಗಿ, ಮೊದಲಿನ ಗೆರೆಯ ಮೇಲ್ಗಡೆ ಇನ್ನೊಂದನ್ನು ಎಳೆಯುತ್ತ, ಇದು ಕರ್ಕಾಟಕ ಸಂಕ್ರಾಂತಿ ವೃತ್ತ, ಬರಕೋರಿ ಎನ್ನುತ್ತಿದ್ದರು.